ಜಿಯೋಕ್ಯಾಶಿಂಗ್ ಆ್ಯಪ್: ಸಿಯಾಟಲ್ ಸುತ್ತಲಿನ ಕಾಡುಹಾದಿಗಳಲ್ಲಿ ಬಳಸಿದ ಮೇಲೆ

ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಮತ್ತೆ ಇದ್ದಲ್ಲಿಯೇ ಇಟ್ಟು ಬರುವ ಆಟವೇ ಜಿಯೋಕ್ಯಾಶಿಂಗ್. ನಾಗರಿಕರ ಬಳಕೆಯ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ ಅಡಗಿಸಿಟ್ಟು, ಅದರ ಅಕ್ಷಾಂಶ-ರೇಖಾಂಶಗಳನ್ನು ಪ್ರಕಟಿಸಿದರು. ಈಗ ಆಟದ ಮುಖ್ಯ ಆ್ಯಪ್ ನಡೆಸುತ್ತಿರುವ ಸಂಸ್ಥೆ ಸಿಯಾಟಲ್‌ನಲ್ಲಿದೆ. ಅದೇ ಊರಿನ ಆಸುಪಾಸಿನಲ್ಲಿ ನೆಲೆಸಿ, ವಾರಾಂತ್ಯದಲ್ಲಿ ಕಾಡುಹಾದಿ ಹಿಡಿಯುವವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಆ್ಯಪ್‌ನಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಡಬ್ಬಿಯ ಕಷ್ಟವನ್ನು ಅಳೆಯುವ ಪದ್ಧತಿ. ಹುಡುಕಾಟಕ್ಕೊಂದು, ನೆಲಕ್ಕೊಂದು ಎಂದು ಪ್ರತಿ ಡಬ್ಬಿಗೂ 1ರಿಂದ 5ರವರೆಗಿನ ಎರಡು ಅಂಕಗಳಿರುತ್ತವೆ. ನೆಲದ ಅಂಕ 1 ಎಂದರೆ ಗಾಲಿಕುರ್ಚಿಯೂ ಹೋಗಬಹುದಾದ ದಾರಿ, 5 ಎಂದರೆ ಹಗ್ಗವೋ ದೋಣಿಯೋ ಬೇಕಾಗುವ ಜಾಗ. ಬೇಸಿಗೆಯಲ್ಲಿ ಊರಿನಿಂದ ಬರುವ ಅಪ್ಪ-ಅಮ್ಮನನ್ನು ಕರೆದೊಯ್ಯುವ ನಮ್ಮಂಥವರಿಗೆ ಈ ಒಂದು ಅಂಕವೇ ಸಾಕಷ್ಟು ಚಿಂತೆ ಕಡಿಮೆ ಮಾಡುತ್ತದೆ.

ಆದರೆ ಡಬ್ಬಿಯತ್ತ ದಾರಿ ತೋರಿಸುವ ಆ್ಯಪ್‌ನ ಬಾಣದ ಗುರುತನ್ನು ಕೊನೆಯವರೆಗೂ ನಂಬುವಂತಿಲ್ಲ. ದಟ್ಟವಾದ ಡಗ್ಲಸ್ ಫರ್ ಮರಗಳ ಕೆಳಗೆ ಅದು ಹತ್ತಾರು ಅಡಿ ಅತ್ತಿತ್ತ ಓಲಾಡುತ್ತದೆ. ಆಗ ಫೋನನ್ನು ಜೇಬಿಗಿಟ್ಟು, ಸುಳಿವನ್ನೂ ಹಿಂದೆ ಬಂದವರ ಟಿಪ್ಪಣಿಗಳನ್ನೂ ನೆನಪಿಸಿಕೊಂಡು, ಮರದ ಬೊಡ್ಡೆಯ ಬಳಿ ಯಾರೋ ಜೋಡಿಸಿದಂತೆ ಬಿದ್ದಿರುವ ತೊಗಟೆಯ ಚೂರುಗಳನ್ನು ಸರಿಸಿ ನೋಡುವುದೇ ಜಾಣತನ. ಜೊತೆಗೊಂದು ಪೆನ್ಸಿಲ್ ಇರಲಿ. ಇಲ್ಲಿಯ ಮಳೆಗೆ ತೇವ ಹಿಡಿದ ಚೀಟಿಯ ಮೇಲೆ ಪೆನ್ನು ಬರೆಯುವುದಿಲ್ಲ.

ಒಂದೇ ಹಾದಿಯನ್ನು ಆರಿಸಿಕೊಳ್ಳಬೇಕಾದರೆ ಸ್ನೋಕ್ವಾಲ್ಮಿ ಸುರಂಗದ ಹಾದಿಯನ್ನು ಹೇಳುತ್ತೇನೆ. ಹಳೆಯ ರೈಲುಮಾರ್ಗದ ಈ ಸುರಂಗ ಮೂರೂವರೆ ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಆಗಸ್ಟ್‌ನಲ್ಲೂ ಒಳಗೆ ಸ್ವೆಟರ್ ಬೇಕೆನ್ನುವಷ್ಟು ಚಳಿಯಿರುತ್ತದೆ. ಅದರಾಚೆಯ ಡಬ್ಬಿಯನ್ನು 2001ರಲ್ಲಿ ಒಂದು ಚಲನಚಿತ್ರದ ಪ್ರಚಾರಕ್ಕಾಗಿ ಇಡಲಾಗಿತ್ತು. 2011ರಲ್ಲಿ ಕಾಣೆಯಾದ ಅದು 2017ರಲ್ಲಿ ಮತ್ತೆ ಆಟಕ್ಕೆ ಬಂದಿತು. ಸುರಂಗವನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ. ಸುರಂಗದ ಪೂರ್ವ ತುದಿಯಾದ ಹಯಾಕ್ ಕಡೆಯಿಂದ ಹೋಗುವವರು ಕಾರು ನಿಲ್ಲಿಸಲು ಡಿಸ್ಕವರ್ ಪಾಸ್ (ರಾಜ್ಯದ ಉದ್ಯಾನಗಳಿಗೆ ಬೇಕಾದ ವಾಹನ ಪರವಾನಗಿ) ಪಡೆದಿರಬೇಕು.

ಆ್ಯಪ್ ಒಡ್ಡುವ ಋತುಮಾನದ ಸವಾಲುಗಳ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ನಿಗದಿತ ಅವಧಿಯಲ್ಲಿ ಇಷ್ಟು ಡಬ್ಬಿ ಹುಡುಕಿದರೆ ಪ್ರೊಫೈಲಿಗೆ ಒಂದು ಚಿತ್ರ ಸೇರುತ್ತದೆ. ಅದರ ಆಸೆಗೆ ಜನರು ಪಾರ್ಕಿಂಗ್ ಜಾಗದ ದೀಪಸ್ತಂಭಗಳ ಬುಡ ತಡಕುತ್ತಾ ಎಣಿಕೆ ಹೆಚ್ಚಿಸಿಕೊಳ್ಳುವುದೂ ಉಂಟು. ಮೋಡ ಕವಿದ ನವೆಂಬರಿನಲ್ಲಿ ಈ ಸವಾಲುಗಳು ಸೋಫಾ ಬಿಟ್ಟು ಏಳಿಸುತ್ತವೆ ಎಂಬುದನ್ನು ಮಾತ್ರ ಒಪ್ಪಲೇಬೇಕು. ಇವೆಲ್ಲಕ್ಕಿಂತ 2002ರಿಂದ ನಡೆದುಬಂದಿರುವ ಸಿಐಟಿಒ (ಕ್ಯಾಶ್ ಇನ್ ಟ್ರ್ಯಾಶ್ ಔಟ್) ಕಾರ್ಯಕ್ರಮ ನನಗೆ ಮೆಚ್ಚುಗೆಯಾಗಿದೆ: ಆಟಗಾರರು ಗುಂಪಾಗಿ ಸೇರಿ ಹಾದಿಯ ಕಸ ಹೆಕ್ಕುತ್ತಾರೆ, ಕಳೆ ಗಿಡ ಕೀಳುತ್ತಾರೆ. ಮಕ್ಕಳೂ ಸಂತೋಷದಿಂದ ಬರುತ್ತಾರೆ.

ಉಚಿತ ಆವೃತ್ತಿ ಆರಂಭಕ್ಕೆ ಸಾಕು, ಆದರೆ ಕಷ್ಟದ ಡಬ್ಬಿಗಳನ್ನು ಅದು ತೆರೆದು ತೋರಿಸುವುದಿಲ್ಲ. ಸಿಗ್ನಲ್ ಇಲ್ಲದ ಕಡೆಗೆಂದು ಪಟ್ಟಿಯನ್ನು ಮೊದಲೇ ಇಳಿಸಿಕೊಳ್ಳುವ ಸೌಲಭ್ಯಕ್ಕೂ ಚಂದಾ ಕಟ್ಟಬೇಕು. ಊರೊಳಗಿನ ಪಾರ್ಕುಗಳಲ್ಲಷ್ಟೇ ಓಡಾಡುವವರಿಗೆ ಈ ಖರ್ಚು ಅನಗತ್ಯ. ಬೆಟ್ಟದ ಹಾದಿ ಹಿಡಿಯುವವರು ಬೇಸಿಗೆಯ ತಿಂಗಳುಗಳಿಗಾದರೂ ಚಂದಾದಾರರಾಗುವುದು ಒಳ್ಳೆಯದು.