ರೀಶಿ ಅಣಬೆ: ಚೂರು, ಕ್ಯಾಪ್ಸೂಲ್, ಎಕ್ಸ್‌ಟ್ರಾಕ್ಟ್, ಕಾಫಿ – ಯಾವುದಕ್ಕೆ ದುಡ್ಡು ಹಾಕಬೇಕು?

ಅಡಿಕೆ ತೋಟ ಇರುವವರಿಗೆ ಗ್ಯಾನೊಡರ್ಮಾ ಅಂದರೆ ಅಣಬೆ ರೋಗ. ಬುಡದಲ್ಲಿ ಅದು ಎದ್ದಿತು ಅಂದರೆ ಆ ಮರದ ಆಸೆ ಬಿಟ್ಟ ಹಾಗೇ. ಅದೇ ಕುಲದ ಅಣಬೆಯನ್ನು ಚೀನಾದವರು ಲಿಂಗ್‌ಝಿ, ಜಪಾನಿನವರು ರೀಶಿ ಅಂತ ಕರೆದು, ಹಿಂದಿನಿಂದಲೂ ಔಷಧಿಯಾಗಿ ಬಳಸುತ್ತಾ ಬಂದಿದ್ದಾರೆ. ಹಾಗಂತ ತೋಟದ್ದನ್ನೇ ಕಿತ್ತು ಕುದಿಸಬೇಡಿ. ಜಾತಿ ಯಾವುದೋ, ಬುಡಕ್ಕೆ ಯಾವ ಔಷಧಿ ಬಿದ್ದಿದೆಯೋ!

ನಾನು ಆನ್‌ಲೈನ್‌ನಲ್ಲಿ ನಾಲ್ಕು ಬಗೆ ತರಿಸಿ ನೋಡಿದೆ.

ಮೊದಲು ಒಣ ಚೂರು. ಕೈಯಲ್ಲಿ ಮುರಿಯಲು ಆಗುವುದಿಲ್ಲ, ಅಷ್ಟು ಗಟ್ಟಿ. ಸಣ್ಣ ಉರಿಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಕುದಿಸಿದರೆ ನೀರು ಕಂದಾಗುತ್ತದೆ, ಅಡುಗೆಮನೆ ತುಂಬಾ ಒದ್ದೆ ಮರದ ವಾಸನೆ. ಕಹಿ ಮಾತ್ರ ನೆಲಬೇವಿನ ಕಷಾಯದ್ದೇ. ಆ ಕಹಿ ಟ್ರೈಟರ್ಪೀನ್ ಎನ್ನುವ ಅಂಶಗಳದ್ದು. ಇನ್ನೊಂದು ಮುಖ್ಯ ಅಂಶ ಬೀಟಾ-ಗ್ಲೂಕಾನ್. ಅದು ಕೈಟಿನ್ ಎಂಬ ಗಟ್ಟಿ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ. ನಮ್ಮ ಹೊಟ್ಟೆಗೆ ಆ ಗೋಡೆ ಅಷ್ಟಾಗಿ ಕರಗುವುದಿಲ್ಲ, ಅದಕ್ಕೇ ಇಷ್ಟು ಹೊತ್ತು ಕುದಿಸುವುದು. ಅದೇ ಚೂರನ್ನು ಎರಡನೇ ಸಲವೂ ಕುದಿಸಬಹುದು, ಸ್ವಲ್ಪ ಸಪ್ಪೆ ಅಷ್ಟೇ. ನಾಲ್ಕರಲ್ಲಿ ಕಡಿಮೆ ಖರ್ಚಿನದ್ದೂ ಇದೇ.

ಕ್ಯಾಪ್ಸೂಲ್ ನುಂಗುವುದು ಸಲೀಸು. ಆದರೆ ಬಿಚ್ಚಿ ನಾಲಿಗೆಗೆ ಹಚ್ಚಿದರೆ ಕಹಿಯೇ ಇಲ್ಲ! ಅನುಮಾನ ಬಂದು, ಪುಡಿಯನ್ನು ನೀರಲ್ಲಿ ಕಲಸಿ ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಎರಡು ಹನಿ ಬಿಟ್ಟೆ. ಕಡುನೀಲಿ ಆಯಿತು. ಅಂದರೆ ಪಿಷ್ಟ ಇದೆ. ಡಬ್ಬಿಯನ್ನು ತಿರುಗಿಸಿದರೆ ಸಣ್ಣಕ್ಷರದಲ್ಲಿ ‘ಮೈಸೀಲಿಯಂ’ ಅಂತಿತ್ತು. ಇದು ಅಣಬೆಯಲ್ಲ, ಅದರ ಬೇರಿನಂಥ ಬಿಳಿ ಎಳೆಗಳು. ಸಾಮಾನ್ಯವಾಗಿ ಅಕ್ಕಿಯಂಥ ಕಾಳಿನ ಮೇಲೆ ಬೆಳೆಸಿ, ಕಾಳಿನ ಸಮೇತ ಪುಡಿ ಮಾಡುತ್ತಾರೆ. ಮುಂದುಗಡೆ ಮಾತ್ರ ‘ಪಾಲಿಸ್ಯಾಕರೈಡ್ ಹೇರಳ’ ಅಂತ ದಪ್ಪಕ್ಷರ. ಪಾಲಿಸ್ಯಾಕರೈಡ್ ಅಂದರೆ ಸಕ್ಕರೆ ಕಣಗಳ ಉದ್ದ ಸರಪಳಿ; ಬೀಟಾ-ಗ್ಲೂಕಾನ್, ಪಿಷ್ಟ ಎರಡೂ ಅದೇ ಗುಂಪು. ಸುಳ್ಳೇನಲ್ಲ ಬಿಡಿ, ಅಕ್ಕಿ ಹಿಟ್ಟೂ ಪಾಲಿಸ್ಯಾಕರೈಡೇ ಅಲ್ವಾ!

ಎಕ್ಸ್‌ಟ್ರಾಕ್ಟ್ ಪುಡಿ ನಾಲ್ಕರಲ್ಲಿ ದುಬಾರಿ, ಕೆಲಸ ಸುಲಭ. ಬಿಸಿನೀರಿಗೆ ಚಿಟಿಕೆ ಹಾಕಿದರೆ ಕರಗುತ್ತದೆ, ಕಹಿ ತಕ್ಷಣ ಗೊತ್ತಾಗುತ್ತದೆ. ನೀರು, ಆಲ್ಕೋಹಾಲ್ ಎರಡರಲ್ಲೂ ಸತ್ವ ತೆಗೆದದ್ದಾದರೆ ಒಳ್ಳೆಯದು, ಟ್ರೈಟರ್ಪೀನ್ ಆಲ್ಕೋಹಾಲಿಗೇ ಚೆನ್ನಾಗಿ ಬಿಡುವುದು. ಅಯೋಡಿನ್‌ಗೆ ನೀಲಿಯಾಗಲಿಲ್ಲ. ಆದರೂ ಪೂರ್ತಿ ನಂಬುವ ಹಾಗಿಲ್ಲ. ಪಿಷ್ಟವನ್ನು ಒಡೆದು ಮಾಡುವ ಮಾಲ್ಟೋಡೆಕ್ಸ್ಟ್ರಿನ್ ಎಂಬ ಪುಡಿ ಬೆರೆಸಿದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ‘10:1’ ಅನ್ನುವುದಕ್ಕೂ ಮರುಳಾಗಬೇಡಿ. ಹತ್ತು ಕಿಲೋದಿಂದ ಒಂದು ಕಿಲೋ ಮಾಡಿದ್ದೇವೆ ಅಂತಷ್ಟೇ ಅದರ ಅರ್ಥ. ಬೀಟಾ-ಗ್ಲೂಕಾನ್ ಶೇಕಡಾ ಎಷ್ಟು ಅಂತ ಬರೆದಿದೆಯಾ, ಅದನ್ನು ನೋಡಿ.

ಅಣಬೆ ಕಾಫಿ? ಸಿಹಿ ಜಾಸ್ತಿಯಾದ ಇನ್‌ಸ್ಟಂಟ್ ಕಾಫಿ. ಮುಂದಿನದ್ದಕ್ಕೆ ಹೋಗೋಣ.

ಇಷ್ಟೆಲ್ಲಾ ಕುಡಿದು ಏನಾಯಿತು ಅಂದರೆ, ನನಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮಾರುವವರು ಮಾತ್ರ ಶುಗರ್‌ಗೆ ರಾಮಬಾಣ ಅನ್ನುತ್ತಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಐದು ಪ್ರಯೋಗಗಳನ್ನು, ಒಟ್ಟು 398 ಜನರನ್ನು ನೋಡಿ, ಟೈಪ್ 2 ಶುಗರ್ ಇರುವವರಲ್ಲಿ ಸಕ್ಕರೆ ಇಳಿಸಲು ಇದನ್ನು ಬಳಸುವುದಕ್ಕೆ ಆಧಾರವಿಲ್ಲ ಎಂದಿತು.

ಆಯ್ದುಕೊಳ್ಳಿ ಅಂದರೆ ನಾನು ಮನೆಯಲ್ಲಿ ಚೂರು, ಊರಿಗೆ ಹೊರಟರೆ ಎಕ್ಸ್‌ಟ್ರಾಕ್ಟ್ ಅನ್ನುತ್ತೇನೆ. ಸತ್ವ ತೆಗೆಯದೆ ಹಾಗೇ ಪುಡಿ ಮಾಡಿ ತುಂಬಿದ ಕ್ಯಾಪ್ಸೂಲ್ ಬೇಡವೇ ಬೇಡ. ದುಡ್ಡಿನ ಮಾತಷ್ಟೇ ಅಲ್ಲ, ರೀಶಿ ಪುಡಿ ತೆಗೆದುಕೊಂಡವರ ಲಿವರ್ ಕೆಟ್ಟ ಪ್ರಕರಣಗಳು ವೈದ್ಯರ ವರದಿಗಳಲ್ಲಿವೆ. ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ, ಬಿಪಿ ಅಥವಾ ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ನಾಲ್ಕರಲ್ಲಿ ಯಾವುದನ್ನೂ ಮುಟ್ಟಬೇಡಿ. ಆಪರೇಷನ್ ಗೊತ್ತಾಗಿದ್ದರಂತೂ, ಇದನ್ನು ಕುಡಿಯುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡಿ.