ಕಾಕಾನ ಹಿಮ್ಮಡಿಯ ಕಪ್ಪು ಕಲೆ: ಫೋಟೊ, ಲೆನ್ಸು, ಚೂರು, ಇಡೀ ತುಂಡು

ಅಣ್ಣಿಗೇರಿ ಹತ್ತಿರ ನಮ್ಮ ಕಾಕಾನ ಎರೆಹೊಲ ಇದೆ. ವಯಸ್ಸು ಅರವತ್ತು ದಾಟಿದರೂ ಹೊಲಕ್ಕಿಳಿದರೆ ಬರಿಗಾಲೇ. ಎಡಗಾಲಿನ ಹಿಮ್ಮಡಿಯಲ್ಲಿ ಕಪ್ಪು ಕಲೆ ಕಂಡಾಗ ಮನೆಯವರೆಲ್ಲ ಸೇರಿ ಅದನ್ನು ಆಣಿ ಅಂತ ತೀರ್ಮಾನ ಮಾಡಿದೆವು. ಔಷಧಿ ಅಂಗಡಿಯಿಂದ ಆಣಿ ಪಟ್ಟಿ ತಂದು ಐದು ತಿಂಗಳು ಅಂಟಿಸಿದ್ದಾಯಿತು. ಚರ್ಮ ಬೆಳ್ಳಗಾಗಿ ಸುಲಿದು ಬಂತು. ಕಲೆ ಹಾಗೇ ಇತ್ತು. ಹಾಗೇ ಅಂದರೆ ಸುಳ್ಳಾಗುತ್ತದೆ, ಸ್ವಲ್ಪ ಅಗಲವೇ ಆಗಿತ್ತು.

ಕೊನೆಗೆ ಗೊತ್ತಾದ ಹೆಸರು ಅಕ್ರಲ್ ಲೆಂಟಿಜಿನಸ್ ಮೆಲನೋಮ. ಮೆಲನೋಮ ಅಂದರೆ ಬಿಸಿಲಿಗೆ ಬೆಂದ ಬಿಳಿಯರಿಗೆ ಬರುವ ಚರ್ಮದ ಕ್ಯಾನ್ಸರ್ ಅಂತ ನಾನು ತಿಳಿದಿದ್ದೆ. ಈ ಬಗೆಗೂ ಬಿಸಿಲಿಗೂ ನಂಟಿಲ್ಲ. ಬರುವುದೇ ಅಂಗಾಲು, ಅಂಗೈ, ಉಗುರಿನ ಕೆಳಗೆ. ಒಟ್ಟು ಲೆಕ್ಕದಲ್ಲಿ ಅಪರೂಪ, ಆದರೆ ನಮ್ಮಂಥ ಕಂದು ಚರ್ಮದವರಿಗೆ ಮೆಲನೋಮ ಬಂದರೆ ಹೆಚ್ಚಾಗಿ ಇದೇ. ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಮೆಲನೋಮ ಇರುವುದು ಗೊತ್ತಾಯಿತು. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ಈ ಹೆಸರಿಗೆ ಬರುವಷ್ಟರಲ್ಲಿ ನಾವು ನಾಲ್ಕು ದಾರಿ ತುಳಿದೆವು.

ಮೊದಲನೆಯದು ಫೋನು. ಕಲೆ ನೋಡಿ ರೋಗ ಹೇಳುವ ಒಂದು ಆ್ಯಪಿಗೆ ಫೋಟೊ ಹಾಕಿದೆ. ಹಗಲು ಅಂಗಳದಲ್ಲಿ ತೆಗೆದದ್ದಕ್ಕೆ ‘ಮಾಮೂಲಿ ಮಚ್ಚೆ’ ಅಂದಿತು. ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದದ್ದಕ್ಕೆ ‘ವೈದ್ಯರನ್ನು ಕಾಣಿ’ ಅಂದಿತು. ಅದೇ ಕಾಲು, ಅದೇ ಕಲೆ! ಇಂಥ ಆ್ಯಪುಗಳಿಗೆ ಕಲಿಸಲು ಬಳಸಿದ ಚಿತ್ರಗಳಲ್ಲಿ ಬಹುಪಾಲು ಬಿಳಿ ಚರ್ಮದವರದು ಅಂತ ಆಮೇಲೆ ತಿಳಿಯಿತು. ಅಂಗಾಲಿನ ಕಲೆ ಅವಕ್ಕೆ ಹೊಸತೇ. ರೋಗ ಹೇಳುವ ಕೆಲಸಕ್ಕೆ ನನ್ನ ಕಡೆಯಿಂದ ಇದಕ್ಕೆ ಸೊನ್ನೆ ಅಂಕ.

ಎರಡನೆಯದು ಲೆನ್ಸು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೋಗಿ ಚರ್ಮದ ಡಾಕ್ಟರನ್ನು ಕಂಡೆವು. ಅವರ ಕೈಯಲ್ಲಿ ಡರ್ಮಾಸ್ಕೋಪ್ ಇತ್ತು. ಮುಷ್ಟಿಯಲ್ಲಿ ಹಿಡಿಯುವಷ್ಟೇ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಒಳಗೇ ದೀಪ. ಅಂಗಾಲಿನ ಚರ್ಮದಲ್ಲಿ ಉಬ್ಬು ಗೆರೆ, ತಗ್ಗು ಗೆರೆ ಒಂದರ ಪಕ್ಕ ಒಂದು ಇರುತ್ತವೆ. ಮಾಮೂಲಿ ಮಚ್ಚೆಯ ಬಣ್ಣ ಸಾಮಾನ್ಯವಾಗಿ ತಗ್ಗಿನಲ್ಲಿ ಕೂರುತ್ತದೆ. ಮೆಲನೋಮದ ಬಣ್ಣ ಉಬ್ಬಿನ ಮೇಲೆ. ಕಾಕಾನ ಹಿಮ್ಮಡಿ ಒಡೆದು ದಡ್ಡುಗಟ್ಟಿತ್ತು, ಯಾವುದು ತಗ್ಗು ಯಾವುದು ಉಬ್ಬು ಅಂತಲೇ ಕಾಣಲಿಲ್ಲ. ಡಾಕ್ಟರು ಪೆನ್ನಿನ ನೀಲಿ ಶಾಯಿ ಸವರಿ ಹತ್ತಿಯಿಂದ ಒರೆಸಿದರು. ಮೇಲಿನದು ಹೋಯಿತು, ತಗ್ಗಿನಲ್ಲಿ ನೀಲಿ ಗೆರೆ ಉಳಿಯಿತು. ಕಂದು ಪಟ್ಟಿಗಳು ಆ ನೀಲಿಯ ನಡುನಡುವೆ, ಅಂದರೆ ಉಬ್ಬಿನ ಮೇಲೆ ಇದ್ದವು. ಫೋನಿಗೆ ಹಚ್ಚಿ ಕಾಕಾನಿಗೂ ತೋರಿಸಿದರು.

“ಹಂಗಾದ್ರ ಸಾಲಿನ್ಯಾಗ ಇರಬೇಕಾದ ನೀರು ಬೋದಿನ ಮ್ಯಾಲ ನಿಂತೈತಿ ಅನ್ರಿ,” ಅಂದ ಕಾಕಾ.

“ಬರೋಬ್ಬರಿ ಹೇಳಿದ್ರಿ ಯಜಮಾನ್ರ. ಅದಕ್ಕ ಚೂರು ತಗದು ನೋಡಬೇಕಾಗೈತಿ.”

ನಾನು ಅರ್ಧ ತಾಸು ಓದಿದರೂ ತಲೆಗೆ ಹೋಗದ್ದು ಕಾಕಾನಿಗೆ ಅರ್ಧ ನಿಮಿಷದಲ್ಲಿ ಹೋಗಿತ್ತು. ನಾಲ್ಕರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. ನೋವಿಲ್ಲ, ಹತ್ತು ನಿಮಿಷದ ಕೆಲಸ. ಆದರೆ ಲೆನ್ಸು ಅನುಮಾನ ಹುಟ್ಟಿಸುತ್ತದೆ ಅಷ್ಟೇ, ತೀರ್ಪು ಕೊಡುವುದಿಲ್ಲ.

ಮೂರನೆಯದರಲ್ಲಿ ನಾವು ಎಡವಿದೆವು. ಬೇಗ ಆಗಲಿ ಅಂತ ಬೇರೆ ಕಡೆ ಪಂಚ್ ಬಯಾಪ್ಸಿ ಮಾಡಿಸಿದೆವು. ನಾಲ್ಕು ಮಿಲಿಮೀಟರಿನ ದುಂಡನೆ ಚೂರು, ಅದೂ ಕಲೆಯ ತಿಳಿ ಅಂಚಿನಿಂದ. ಲೆನ್ಸಿನ ಡಾಕ್ಟರು ಕೊಟ್ಟ ಚೀಟಿಯನ್ನು ಅಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ. ವಾರ ಬಿಟ್ಟು ಬಂದ ವರದಿಯಲ್ಲಿ ಕ್ಯಾನ್ಸರ್ ಕಂಡಿಲ್ಲ ಅಂತಿತ್ತು. ಮನೆಯಲ್ಲಿ ಹೋಳಿಗೆ ಮಾಡಿದೆವು. ವರದಿಯ ಕೆಳಗಿನ ಸಾಲನ್ನು ನಾನು ಗಮನಿಸಿದ್ದು ಮೂರು ದಿನದ ಮೇಲೆ: ಚೂರು ಸಣ್ಣದು, ಕಲೆಯ ಲಕ್ಷಣದೊಂದಿಗೆ ತಾಳೆ ನೋಡಿ ಅಂತ.

ವರದಿ ಹಿಡಿದು ಮತ್ತೆ ವಿದ್ಯಾನಗರ. ಡಾಕ್ಟರು ಖುಷಿಪಡಲಿಲ್ಲ. ಕಲೆ ಹದಿನಾಲ್ಕು ಮಿಲಿಮೀಟರ್ ಇದೆ, ಇಡೀ ತೆಗೆಯುವುದೇ ಸರಿ ಅಂದರು. ಸುತ್ತ ಎರಡು ಮಿಲಿಮೀಟರ್ ಒಳ್ಳೆ ಚರ್ಮವನ್ನೂ ಸೇರಿಸಿ, ಪೂರ್ತಿ ಆಳಕ್ಕೆ. ಇದು ನಾಲ್ಕನೆಯದು. ಕಾಕಾ ಮೂರು ವಾರ ಹಿಮ್ಮಡಿ ಊರಲಿಲ್ಲ, ಬೈದದ್ದು ನನ್ನನ್ನೇ. ಆದರೆ ಈ ಸಲ ವರದಿಯಲ್ಲಿ ಹೆಸರೂ ಬಂತು, ಅಳತೆಯೂ ಬಂತು: ದಪ್ಪ 0.6 ಮಿಲಿಮೀಟರ್, ಹುಣ್ಣಾಗಿಲ್ಲ. ಚರ್ಮದೊಳಗೆ ಇಳಿದ ಈ ದಪ್ಪಕ್ಕೆ ಬ್ರೆಸ್ಲೋ ಅಳತೆ ಅನ್ನುತ್ತಾರೆ. ಮುಂದೆ ಎಷ್ಟು ಅಗಲ ಕತ್ತರಿಸಬೇಕು ಅನ್ನುವುದು ಮುಖ್ಯವಾಗಿ ಇದರ ಮೇಲೆ ನಿಂತಿದೆ. ಮೇಲ್ಮೇಲೆ ಕೆರೆದು ತೆಗೆದ ಚೂರಿನಲ್ಲಿ ಆಳ ತಪ್ಪಿಹೋಗಬಹುದು. ಕಲೆ ತೀರಾ ದೊಡ್ಡದಿದ್ದು ಇಡೀ ತೆಗೆಯಲಾಗದಿದ್ದರೆ ಚೂರೇ ಗತಿ. ಆಗ ಲೆನ್ಸಿನಲ್ಲಿ ಅತಿ ಕಪ್ಪಾಗಿ, ದಪ್ಪವಾಗಿ ಕಂಡ ಜಾಗದಿಂದಲೇ ತೆಗೆಯಬೇಕು, ಒಂದಕ್ಕಿಂತ ಹೆಚ್ಚು ಕಡೆ ತೆಗೆದರೂ ಸರಿ. ಪಂಚ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮದು ಕುರುಡು ಪಂಚ್ ಆಗಿತ್ತು.

ಲ್ಯಾಬಿನೊಳಗೂ ಒಂದು ಹೋಲಿಕೆ ಇದೆ. ಎರಡನೇ ಅಭಿಪ್ರಾಯಕ್ಕೆ ಅಂತ, ತೆಗೆದ ಚರ್ಮವನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನು ನಾನೇ ಇನ್ನೊಂದು ಲ್ಯಾಬಿಗೆ ಒಯ್ದೆ. ಗ್ಲೂಕೋಸ್ ಬಿಸ್ಕತ್ತಿಗಿಂತ ಸಣ್ಣವು, ಅಂಗಿಯ ಜೇಬಿನಲ್ಲಿ ಹಿಡಿದವು. ಮಾಮೂಲಿ ಗುಲಾಬಿ-ನೇರಳೆ ಬಣ್ಣದಲ್ಲಿ ಜೀವಕೋಶಗಳ ಆಕಾರ ಕಾಣುತ್ತದೆ. ಸಾಲದಿದ್ದರೆ ಸಾಕ್ಸ್10, ಮೆಲಾನ್-ಎ, ಎಚ್‌ಎಂಬಿ-45 ಅನ್ನುವ, ಮೆಲನೋಮದ ಕೋಶಗಳನ್ನು ಪತ್ತೆ ಹಚ್ಚುವ ವಿಶೇಷ ಗುರುತುಗಳು. ಇವು ಸಾಮಾನ್ಯವಾಗಿ ಕಂದು ಬಣ್ಣದಲ್ಲಿ ಮೂಡುತ್ತವೆ. ನಮ್ಮ ಚರ್ಮದ ಬಣ್ಣವೂ ಕಂದೇ ಅಲ್ವಾ? ಯಾವುದು ಯಾವುದೆಂದು ತಿಳಿಯದೆ ಹೋಗಬಹುದು. ಅದಕ್ಕೇ ಅಲ್ಲಿಯ ವೈದ್ಯೆ ಕೆಂಪು ಬಣ್ಣದಲ್ಲಿ ಮಾಡಿಸಿದರು. ಅವರ ಬಾಯಿಂದ ಇನ್ನೊಂದು ಸಂಗತಿಯೂ ಸಿಕ್ಕಿತು. ಡೆಸ್ಮೋಪ್ಲಾಸ್ಟಿಕ್ ಅನ್ನುವ ಇನ್ನೂ ಅಪರೂಪದ ಬಗೆಯಲ್ಲಿ ಮೆಲಾನ್-ಎ, ಎಚ್‌ಎಂಬಿ-45 ಹೆಚ್ಚಾಗಿ ಮೂಡುವುದೇ ಇಲ್ಲವಂತೆ. ಗಾಯದ ಕಲೆಯ ಹಾಗೆ ಕಾಣುತ್ತದೆ, ಎಸ್-100 ಅನ್ನುವ ಇನ್ನೊಂದು ಗುರುತು ಮತ್ತು ಸಾಕ್ಸ್10 ಹಿಡಿದುಕೊಡುತ್ತವೆ. ಬಣ್ಣವೇ ಇಲ್ಲದ ಮೆಲನೋಮವೂ ಇದೆ. ಅದು ಕಾಲಿಗೆ ಬಂದರೆ ಸಕ್ಕರೆ ಕಾಯಿಲೆಯ ಹುಣ್ಣು ಅಂತ ಪಟ್ಟಿ ಕಟ್ಟುತ್ತಾ ಕೂರುವ ಅಪಾಯ ಜಾಸ್ತಿ.

ಕಾಕಾನಿಗೆ ಆಮೇಲೆ ಸುತ್ತ ಒಂದು ಸೆಂಟಿಮೀಟರ್ ಚರ್ಮವನ್ನೂ ಸೇರಿಸಿ ಮತ್ತೆ ಕತ್ತರಿಸಿ, ತೊಡೆಯ ಚರ್ಮ ತಂದು ಹಿಮ್ಮಡಿಗೆ ಹಾಕಿದರು.

ಫೋಟೊಕ್ಕೆ ಸೊನ್ನೆ ಕೊಟ್ಟಿದ್ದೆ, ಸ್ವಲ್ಪ ತಿದ್ದುಕೊಳ್ಳುತ್ತೇನೆ. ರೋಗ ಹೇಳಲು ಬೇಡ, ಬದಲಾವಣೆ ನೋಡಲು ಬೇಕು. ಈಗ ತಿಂಗಳಿಗೊಮ್ಮೆ ಕಾಕಾನ ಎರಡೂ ಅಂಗಾಲುಗಳ ಫೋಟೊ ತೆಗೆಯುತ್ತೇವೆ, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಅಂಗಳದಲ್ಲಿ, ಅದೇ ಹೊತ್ತಿಗೆ. ಹೋದ ಸಲ ಕಾಕಾ ಕಾಕಿಯನ್ನೂ ಕರೆದು ಕಟ್ಟೆಯ ಮೇಲೆ ಕೂರಿಸಿದ. “ಇಕೀದೂ ತಗೀ,” ಅಂದ. ಕಾಕಿ ಸೆರಗಿನಿಂದ ಅಂಗಾಲು ಒರೆಸಿಕೊಂಡು ಮುಂದೆ ಚಾಚಿದಳು.