14416 ಟೆಲಿ ಮಾನಸ್: ಸೂರಿಲ್ಲದ ಹುಡುಗರಿಗೆ ಎಷ್ಟು ಉಪಯೋಗ?

ಹುಬ್ಬಳ್ಳಿ ಸ್ಟೇಷನ್ ಬದಿ ಮಲಗುವ ಹುಡುಗರಿಗೆ 2022ರಲ್ಲಿ ಶುರುವಾದ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಒಳ್ಳೆಯ ಮೊದಲ ಬಾಗಿಲು: 24 ಗಂಟೆಯೂ ಉಚಿತ, ಕನ್ನಡವೂ ಇದೆ, ಹಿಂದಿಯೂ ಇದೆ. ಎಡವುವುದು ಭಾಷೆ ಆರಿಸುವಲ್ಲಿ. ಮನೆಮಾತು ಹಿಂದಿಯಾದ ಹುಡುಗ ಬೀದಿಯಲ್ಲಿ ಕಲಿತ ಕನ್ನಡದಲ್ಲಿ ‘ತಲಿ ಕೆಟ್ಟೈತ್ರಿ’ ಅಂದರೆ ಅದು ಸಿಟ್ಟೋ, ನಿದ್ದೆಗೇಡೋ, ಕಿವಿಯಲ್ಲಿ ದನಿ ಕೇಳಿಸುವುದೋ ತಿಳಿಯದು. ಕರೆ ಮಾಡಿದಾಗ ತಾನು ಅಳುವ ಭಾಷೆಯ ಅಂಕಿಯನ್ನೇ ಒತ್ತಬೇಕು.

ಮಾತ್ರೆಗೆ ಫೋನು ಸಾಲದು. ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಮಾನಸಿಕ ಆಸ್ಪತ್ರೆಗೇ ಹೋಗಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಂ ಪ್ರಕಾರ ಮನೆಯಿಲ್ಲದವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಚಿಕಿತ್ಸೆ ಪುಕ್ಕಟೆ. ಚೀಟಿ ಮಾಡಿಸುವಾಗಲೇ ಇದನ್ನು ಹೇಳಿ. ಸಾಧ್ಯವಿದ್ದರೆ ಮಾತ್ರೆ ವಾರಕ್ಕಷ್ಟೇ ಕೇಳಿ. ತಿಂಗಳದ್ದು ತಂದರೆ ಫುಟ್‌ಪಾತಿನಲ್ಲಿ ಮಳೆಗೋ ಕಳ್ಳರಿಗೋ ಹೋಗುತ್ತದೆ.